ತವರಿನ ತೊಟ್ಟಿಲು: ಉದಗೀರ ಗಡಿಯ ಬಾಣಂತನ ಮತ್ತು ಕನ್ನಡದ ಬಾಳಿಕೆ

ಭಾರತದ ಜನಗಣತಿಯು ‘ಮಾತೃಭಾಷೆ’ ಎಂಬ ಪದಕ್ಕೆ ಕೊಟ್ಟುಕೊಂಡಿರುವ ವ್ಯಾಖ್ಯೆಯನ್ನು ನಮ್ಮ ಭಾಷಾ ಸಂಶೋಧಕರು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ಆ ವ್ಯಾಖ್ಯೆಯ ಪ್ರಕಾರ, ಬಾಲ್ಯದಲ್ಲಿ ತಾಯಿ ತನ್ನೊಡನೆ ಆಡಿದ ಭಾಷೆಯೇ ವ್ಯಕ್ತಿಯ ಮಾತೃಭಾಷೆ. ತಾಯಿ ಶೈಶವದಲ್ಲಿಯೇ ತೀರಿಹೋಗಿದ್ದರೆ, ಆ ಮನೆಯಲ್ಲಿ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆ. ಇನ್ನೂ ಮಾತು ಬಾರದ ಕೂಸಾದರೆ, ತಾಯಿ ರೂಢಿಯಲ್ಲಿ ಆಡುವ ಭಾಷೆ. ಶಾಲೆಯ ಭಾಷೆ, ಕಚೇರಿಯ ಭಾಷೆ, ಸಂತೆಯ ಭಾಷೆ ಯಾವುದಕ್ಕೂ ಇಲ್ಲಿ ಸ್ಥಾನವಿಲ್ಲ. ಗಡಿವಿವಾದದ ಆಯೋಗಗಳು, ಸಮಿತಿಗಳು, ಮನವಿಪತ್ರಗಳು ಯಾವ ಅಂಕಿ ಅಂಶಗಳನ್ನು ಆಧಾರವಾಗಿ ಇಟ್ಟುಕೊಂಡು ವಾದಿಸಿದವೋ, ಆ ಅಂಕಿ ಅಂಶಗಳೆಲ್ಲ ಕಡೆಗೆ ತೊಟ್ಟಿಲ ಪಕ್ಕದಲ್ಲಿ ಆಡಿದ ಮಾತಿನ ಲೆಕ್ಕವೇ ಆಗಿವೆ. ಆದರೂ ಗಡಿನಾಡಿನ ಕನ್ನಡದ ಚರಿತ್ರೆಯನ್ನು ಬರೆದವರು ಶಾಸನ, ಮಠ, ಶಾಲೆ, ಚಳವಳಿಗಳನ್ನು ನೋಡಿದಷ್ಟು ಬಾಣಂತಿಯ ಕೋಣೆಯನ್ನು ನೋಡಿದವರಲ್ಲ.

ಈ ಲೇಖನವು ಮಹಾರಾಷ್ಟ್ರದ ಉದಗೀರ, ನಿಲಂಗಾ, ಉಮರ್ಗಾ ತಾಲೂಕುಗಳ ಕನ್ನಡ ಮನೆಗಳಲ್ಲಿ ಹಸುಗೂಸಿನ ಸುತ್ತ ಬೆಳೆದು ಬಂದ ಕೈಕೆಲಸ, ಮನೆಮದ್ದು ಮತ್ತು ಆಹಾರದ ವ್ಯವಸ್ಥೆಯನ್ನು ಚರಿತ್ರೆಯ ಆಕರವಾಗಿ ಓದುವ ಒಂದು ಪ್ರಯತ್ನ. ಶಾಲೆಯ ಬೆಂಬಲವೂ ಸರಕಾರದ ಬೆಂಬಲವೂ ಇಲ್ಲದೆ ಈ ತಾಲೂಕುಗಳಲ್ಲಿ ಕನ್ನಡ ಇಷ್ಟು ಕಾಲ ಉಳಿದದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ, ಮತ್ತು ಆ ತವರು ಬಹುಪಾಲು ಗಡಿಯ ಆಚೆಯ ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದಗಳಲ್ಲಿ ಇದ್ದದ್ದು ಎಂಬುದು ನನ್ನ ವಾದ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಪುರವರಾಧೀಶ್ವರರೆಂದು ಕರೆದುಕೊಂಡದ್ದು ಇಂದಿನ ಲಾತೂರನ್ನು ನೆನೆದು. ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಗೆ ಒಯ್ದ ‘ಕವಿರಾಜಮಾರ್ಗ’ದ ಮಾತು ಎಲ್ಲರಿಗೂ ತಿಳಿದದ್ದೇ. ನಿಲಂಗಾದ ನೀಲಕಂಠೇಶ್ವರ ದೇವಾಲಯವೂ ಉಮರ್ಗಾದ ಮಹಾದೇವ ದೇವಾಲಯವೂ ಕಲ್ಯಾಣದ ಚಾಲುಕ್ಯರ ಶಿಲ್ಪಪರಂಪರೆಗೆ ಸೇರಿದವು. ಶಂ. ಬಾ. ಜೋಶಿಯವರು 1933ರಲ್ಲಿ ‘ಕಣ್ಮರೆಯಾದ ಕನ್ನಡ’ ಎಂಬ ಹೆಸರಿನಲ್ಲಿ ಹುಡುಕಿದ್ದು ಇಂಥ ನೆಲದ ಕನ್ನಡವನ್ನೇ. ಆಸಫಜಾಹಿ ಆಳ್ವಿಕೆಯಲ್ಲಿ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಹೈದರಾಬಾದ ಸಂಸ್ಥಾನ ಮೂರು ಪಾಲಾದಾಗ, ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ ಭಾಲ್ಕಿ, ಔರಾದ ಮೊದಲಾದವು ಮೈಸೂರು ರಾಜ್ಯಕ್ಕೂ ಹೋದವು. 1960ರಲ್ಲಿ ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಉಸ್ಮಾನಾಬಾದ ಈಗ ಧಾರಾಶಿವ. ಹೆಸರುಗಳು ಹೀಗೆ ಬದಲಾಗುತ್ತ ಹೋದವು. ಬೀಗತನಗಳು ಬದಲಾಗಲಿಲ್ಲ.

ನಿಜಾಮನ ಕಾಲದ ಶಿಕ್ಷಣದ ಬಗೆಗೆ ಈ ಭಾಗದಲ್ಲಿ ಎಲ್ಲರೂ ಹೇಳುವ ಒಂದು ಪ್ರಸಂಗವಿದೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಧೈರ್ಯಕ್ಕೂ ದೂರದೃಷ್ಟಿಗೂ ನಾವು ಋಣಿಗಳು. ಆದರೆ ಆ ಪ್ರಸಂಗವನ್ನು ಕೇಳಿದಾಗಲೆಲ್ಲ ನನಗೆ ಇನ್ನೊಂದು ಯೋಚನೆ ಬರುತ್ತದೆ. ಫಲಕದ ಹಂಗೇ ಇಲ್ಲದ ಒಂದು ಕನ್ನಡ ಶಾಲೆ ಪ್ರತಿ ಮನೆಯ ಒಳಕೋಣೆಯಲ್ಲಿ ನಡೆಯುತ್ತಿತ್ತು. ಅಲ್ಲಿ ಕಲಿಸುವವಳು ಕೂಸಿನ ತಾಯಿಯ ತಾಯಿ. ಕಲಿಯುವವರು ಇಬ್ಬರು: ಕೂಸು ಮತ್ತು ಬಾಣಂತಿ. ಹದಿನೇಳೋ ಹದಿನೆಂಟೋ ವಯಸ್ಸಿನ ಹುಡುಗಿ ಮದುವೆಯಾಗಿ ಉದಗೀರಕ್ಕೆ ಹೋಗಿ ಒಂದೆರಡು ವರ್ಷ ಮರಾಠಿ ಬೀದಿಯಲ್ಲಿ ಬಾಳುವಷ್ಟರಲ್ಲಿ ಅವಳ ಮಾತಿನ ಅಂಚು ಸವೆದಿರುತ್ತಿತ್ತು. ಹೆರಿಗೆಗೆ ಬಂದು ನಾಲ್ಕಾರು ತಿಂಗಳು ತವರಿನಲ್ಲಿ ಉಳಿದಾಗ ಆ ಅಂಚು ಮತ್ತೆ ಮೂಡುತ್ತಿತ್ತು. ಕೂಸು ಕಿವಿಗೊಟ್ಟು ಕೇಳುವ ಮೊದಲ ತಿಂಗಳುಗಳೂ ಅವೇ. ಒಂದು ತಲೆಮಾರಿಗೆ ಒಮ್ಮೆ ನಡೆಯುವ ಈ ಹಿಂಚಲನೆಯನ್ನು ಗಡಿಯ ಗೆರೆ ತಡೆಯಲಿಲ್ಲ. ಭಾಲ್ಕಿ, ಕಮಲನಗರ, ಉದಗೀರ ಒಂದೇ ರೈಲುದಾರಿಯ ನಿಲ್ದಾಣಗಳು. 1956ರ ಆಚೆಗೂ ಅದೇ ರೈಲು ಬಸುರಿಯನ್ನು ಒಯ್ದು ತಾಯಿಮಕ್ಕಳನ್ನು ತಂದಿತು.

ಹಾಗೆ ಮರಳುವಾಗ ಜೊತೆಗೆ ಒಂದು ಗಂಟು ಬರುತ್ತಿತ್ತು. ಚರಿತ್ರೆಕಾರನಿಗೆ ಆ ಗಂಟು ದಾನಪತ್ರಕ್ಕಿಂತ ಕಡಿಮೆಯ ಆಕರವೇನೂ ಅಲ್ಲ. ಅದರಲ್ಲಿ ತೊಟ್ಟಿಲು ಅಥವಾ ತೊಟ್ಟಿಲ ಬಟ್ಟೆ, ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿದ ಪುಟ್ಟ ಕೌದಿ, ಕುಂಚಿಗೆ, ಕುಲಾವಿ, ಹಾಲೆರೆಯುವ ಒಳಲೆ, ಬಜೆಯ ಬೇರು, ತೇಯುವ ಕಲ್ಲು, ಅಂಟಿನುಂಡೆಯ ಡಬ್ಬಿ ಇರುತ್ತಿದ್ದವು. ಉಳ್ಳವರ ಮನೆಯಾದರೆ ಬೆಳ್ಳಿಯ ಉಡಿದಾರ. ಹೊಸ ಬಟ್ಟೆಯನ್ನು ಹಸುಗೂಸಿಗೆ ತೊಡಿಸಬಾರದೆಂಬ ನಿಷೇಧವನ್ನು ನಾವು ಮೂಢನಂಬಿಕೆಯ ಪಟ್ಟಿಗೆ ಸೇರಿಸುವುದುಂಟು. ಹತ್ತಾರು ಸಲ ಒಗೆದು ಗಂಜಿಯೆಲ್ಲ ಹೋಗಿ ಮೆತ್ತಗಾದ ಅರಳೆಯ ಸೀರೆಗಿಂತ ಎಳೆಯ ಚರ್ಮಕ್ಕೆ ಹಿತವಾದದ್ದು ಬೇರೆ ಇಲ್ಲ ಎಂಬುದನ್ನು ಆ ನಿಷೇಧವೇ ಕಾಪಾಡಿಕೊಂಡು ಬಂದಿತ್ತು. ಅಜ್ಜಿಯ ಸೀರೆ, ಅತ್ತಿಗೆಯ ಸೀರೆ, ತೀರಿಹೋದ ಹಿರಿಯಳ ಸೀರೆ ಎಲ್ಲವೂ ಕೌದಿಯಲ್ಲಿ ಒಂದಾಗುತ್ತಿದ್ದವು. ಯಾವ ಚೂರು ಯಾರದು ಎಂಬ ಮಾತು ಹೊಲಿಗೆಯ ಜೊತೆಗೇ ಸಾಗುತ್ತಿತ್ತು. ಆ ಮಾತು ಕನ್ನಡದಲ್ಲಿರುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಗಂಟಿನ ಪದಗಳನ್ನು ಮರಾಠಿಯ ಪದಗಳ ಎದುರು ಇಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಬಾಣಂತಿಯನ್ನು ಮರಾಠಿ ‘ಬಾಳಂತೀಣ’ ಎನ್ನುತ್ತದೆ. ಎರಡೂ ಒಂದೇ ಪದದ ಎರಡು ರೂಪಗಳೆಂಬುದು ಕಿವಿಗೇ ತಿಳಿಯುತ್ತದೆ. ಕುಂಚಿಗೆ ಅಲ್ಲಿ ‘ಕುಂಚೀ’. ಅಕ್ಕ, ಅಣ್ಣ ಎಂಬ ಕನ್ನಡದ ಕರೆಗಳು ಮರಾಠಿ ಮನೆಗಳಲ್ಲಿ ಶತಮಾನಗಳಿಂದ ನೆಲೆಸಿವೆ. ವ್ಯಕ್ತಿಯನ್ನೂ ಉಡುಪನ್ನೂ ಹೆಸರಿಸುವಲ್ಲಿ ಎರಡು ಭಾಷೆಗಳು ಹೀಗೆ ಹೆಗಲ ಮೇಲೆ ಕೈಹಾಕಿಕೊಂಡು ನಡೆದಿವೆ. ಕೈಯಲ್ಲಿ ಹಿಡಿದು ಕೆಲಸ ಮಾಡುವ ಸಾಧನಗಳಿಗೆ ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ. ತೊಟ್ಟಿಲು ಅಲ್ಲಿ ಪಾಳಣಾ. ಕೌದಿ ಅಲ್ಲಿ ಗೋಧಡೀ ಅಥವಾ ವಾಕಳ. ಒಳಲೆ ಅಲ್ಲಿ ಬೋಂಡಲಂ. ಅಂಟು ಅಲ್ಲಿ ಡಿಂಕ. ಸೂಲಗಿತ್ತಿ ಅಲ್ಲಿ ಸುಈಣ. ಪೇಟೆಯಿಂದ ಕೊಂಡು ತರುವ ಸರಕಿನ ಹೆಸರುಗಳಾದರೋ ಕನ್ನಡ, ಮರಾಠಿ, ದಖನಿ ಮೂರಕ್ಕೂ ಸಮಾನ: ಲೋಬಾನ, ಬಾದಾಮ, ಖಾರೀಕ. ಮಾಡುವವಳು ತವರಿನವಳಾದ್ದರಿಂದ ಮನೆಯಲ್ಲಿ ಮಾಡಿದ್ದರ ಹೆಸರು ತವರಿನದು. ಮಾರುವವನ ಭಾಷೆ ಸಂತೆಯ ಭಾಷೆಯಾದ್ದರಿಂದ ಕೊಂಡದ್ದರ ಹೆಸರು ಸಂತೆಯದು. ಈ ಸೂತ್ರಕ್ಕೆ ಒಂದು ಗಟ್ಟಿಯಾದ ಅಪವಾದವಿದೆ, ಅದೇ ಬಜೆ. ಬಜೆಯೂ ಗಂಧಿಗನ ಅಂಗಡಿಯ ಸರಕೇ. ಆದರೆ ಸಂಸ್ಕೃತದ ‘ವಚಾ’ದಿಂದ ಬಂದ ಈ ತದ್ಭವವನ್ನು ಕನ್ನಡ ಮನೆ ಬಿಟ್ಟುಕೊಟ್ಟಿಲ್ಲ. ಪಕ್ಕದ ಮರಾಠಿ ಮನೆಯಲ್ಲಿ ಅದೇ ಬೇರು ವೇಖಂಡ. ಒಂದೇ ಓಣಿಯ ಎರಡು ಮನೆಗಳ ಮಾತೃಭಾಷೆಯನ್ನು ತಿಳಿಯಬೇಕಾದರೆ ಗಣತಿದಾರನು ಕೂಸಿನ ಮುಂಗೈಗೆ ಕಟ್ಟಿದ್ದನ್ನು ಏನೆನ್ನುತ್ತೀರಿ ಎಂದು ಕೇಳಿದರೂ ನಡೆದೀತು.

ಶಿಶುಪಾಲನೆಯ ಈ ಜ್ಞಾನಕ್ಕೆ ಈ ನೆಲದಲ್ಲಿಯೇ ಬರಹದ ಪರಂಪರೆಯೂ ಇತ್ತು. ಮೂರೂ ತಾಲೂಕುಗಳಿಗೆ ಹೆಚ್ಚೆಂದರೆ ಎರಡು ದಿನದ ಎತ್ತಿನ ಬಂಡಿಯ ದಾರಿಯಲ್ಲಿದ್ದ ಕಲ್ಯಾಣದಲ್ಲಿ, 12ನೆಯ ಶತಮಾನದ ಮೊದಲರ್ಧದಲ್ಲಿ, ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳ ನಡುವೆ ಪುತ್ರೋಪಭೋಗಕ್ಕೂ ಒಂದು ಪ್ರಕರಣ ಮೀಸಲಾಗಿದೆ. ಅರಮನೆಗೆ ಮಗುವೂ ಒಂದು ಭೋಗ. ರೈತರ ಮನೆಗೆ ಅದು ದುಡಿಮೆಯ ನಡುವಿನ ಇನ್ನೊಂದು ದುಡಿಮೆ. ಆದರೆ ಅದೇ ಗ್ರಂಥ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ದಾಖಲಿಸಿದೆ. ಕನ್ನಡದ ದೊರೆಯೊಬ್ಬ ಸಂಸ್ಕೃತದಲ್ಲಿ ಬರೆದ ಪುಸ್ತಕದಲ್ಲಿ ಮರಾಠಿ ಹೆಂಗಸರ ಹಾಡು ಮೊದಮೊದಲಿಗೆ ಕಾಣಿಸಿಕೊಳ್ಳುವುದು ಈ ಸೀಮೆಯ ಸ್ವಭಾವಕ್ಕೆ ಒಪ್ಪುವಂಥದ್ದೇ. ಬೀಸುಕಲ್ಲಿನ ತ್ರಿಪದಿಗೂ ಓವಿಗೂ ಇರುವ ನಂಟನ್ನು ವಿದ್ವಾಂಸರು ಚರ್ಚಿಸಿದ್ದಾರೆ. ಜೋಗುಳಕ್ಕೂ ಪಾಳಣೆಗೂ ಇರುವ ನಂಟಿನ ಚರ್ಚೆ ಅಷ್ಟು ನಡೆದಿಲ್ಲ. ಎರಡರ ‘ಜೋ ಜೋ’ ಒಂದೇ. ಒಂದರಲ್ಲಿ ತೊಟ್ಟಿಲಲ್ಲಿ ಮಲಗಿದವನು ಹೆಚ್ಚಾಗಿ ಬಸವಣ್ಣ, ಇನ್ನೊಂದರಲ್ಲಿ ಕೃಷ್ಣ ಅಥವಾ ಶಿವಾಜಿ.

ಇನ್ನು ವೈದ್ಯಕ್ಕೆ ಬಂದರೆ, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು 11ನೆಯ ಶತಮಾನದಲ್ಲಿಯೇ ಅಡುಗೆ, ಸುಗಂಧ, ಮನೆಮದ್ದುಗಳನ್ನು ಕನ್ನಡದಲ್ಲಿ ಒಟ್ಟಿಗೆ ತಂದಿತ್ತು. ಸುಮಾರು 1200ರಲ್ಲಿ ದೇವೇಂದ್ರಮುನಿ ‘ಬಾಲಗ್ರಹಚಿಕಿತ್ಸೆ’ಯನ್ನು ಬರೆದನು. ಶಿಶುವಿನ ಬೇನೆಗಳನ್ನು ಗ್ರಹಗಳ ಕಾಟವೆಂದು ತಿಳಿದು ಅದಕ್ಕೆ ಪರಿಹಾರ ಹೇಳುವ ಕೃತಿ ಇದು. ಇಂದಿನ ಓದುಗನಿಗೆ ಗ್ರಹಗಳ ಮಾತು ವಿಚಿತ್ರವೆನಿಸಬಹುದು. ಆದರೆ ಬಾಣಂತಿಯ ಕೋಣೆಯಲ್ಲಿ ಈ ಗ್ರಹಗಳು ನಿನ್ನೆ ಮೊನ್ನೆಯವರೆಗೆ ಶೆಟಿಗೆವ್ವನ ರೂಪದಲ್ಲಿ ಬದುಕಿದ್ದವು. ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಬಂದು ಹಣೆಯ ಮೇಲೆ ಬರೆದು ಹೋಗುವ ಈ ತಾಯಿ ಸಂಸ್ಕೃತದ ಷಷ್ಠಿ, ಮರಾಠಿಯ ಸಟವಾಯಿ. ಅವಳಿಗೆ ಮೂರು ಭಾಷೆಗಳೂ ಬರುತ್ತವೆ. ಯಾವ ಲಿಪಿಯಲ್ಲಿ ಬರೆಯುತ್ತಾಳೆಂದು ಮಾತ್ರ ಯಾರೂ ಓದಿ ಹೇಳಿಲ್ಲ.

ಆಹಾರದ ಮಾತು ಬಂದಾಗ ಕಪ್ಪು ಎರೆಯ ಈ ನೆಲದ ಸತ್ವ ತಿಳಿಯುತ್ತದೆ. ಹಿಂಗಾರಿಯ ಬಿಳಿಜೋಳ, ಸಬ್ಬಸಿಗೆ, ಮೆಂತ್ಯ, ಅಳವಿಯ ಪಾಯಸ, ಕೊಬ್ಬರಿ ಉತ್ತತ್ತಿ ಬೆರೆಸಿದ ಅಂಟಿನುಂಡೆ, ಓಮದ ನೀರು, ಮನೆಯ ಆಕಳ ತುಪ್ಪ. ಉದಗೀರದ ಮಗ್ಗುಲಿನ ದೇವಣಿ ಊರು ತನ್ನ ಹೆಸರಿನ ದನದ ತಳಿಗೆ ಪ್ರಸಿದ್ಧ. ಹೊಲಕ್ಕೆ ಎತ್ತು, ಮನೆಗೆ ಹಾಲು ಎರಡನ್ನೂ ಕೊಡುವ ಈ ತಳಿ ಬಾಣಂತಿಯ ತಟ್ಟೆಯ ತುಪ್ಪಕ್ಕೂ ಮೂಲವಾಗಿತ್ತು. ತಾಯಿ ಉಂಡದ್ದೇ ಕೂಸಿಗೆ ಹಾಲಾಗುತ್ತದೆಂಬ ತಿಳಿವಳಿಕೆಯ ಮೇಲೆ ಈ ಊಟದ ಕ್ರಮವೆಲ್ಲ ನಿಂತಿದೆ. ಸಬ್ಬಸಿಗೆಯ ಬೀಜವನ್ನು ಮರಾಠಿಯಲ್ಲಿ ‘ಬಾಳಂತಶೋಪ’ ಎಂದೇ ಕರೆಯುತ್ತಾರೆ. ಬಾಣಂತಿಯ ಹೆಸರನ್ನೇ ಹೊತ್ತ ಈ ಬೀಜದ ಚರಿತ್ರೆ ಸ್ವಾರಸ್ಯವಾದದ್ದು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಮಕ್ಕಳ ಹೊಟ್ಟೆನೋವಿಗೆಂದು ಮಾರಾಟಕ್ಕೆ ತಂದ ಗ್ರೈಪ್ ವಾಟರಿನ ಮುಖ್ಯ ದ್ರವ್ಯಗಳಲ್ಲಿ ಈ ಸಬ್ಬಸಿಗೆ ಬೀಜದ ಎಣ್ಣೆಯೂ ಒಂದು. ಜೊತೆಗೆ ಸೋಡಾ, ಸಕ್ಕರೆ ಮತ್ತು ಅಂದಿನ ದಿನಗಳಲ್ಲಿ ಮದ್ಯಸಾರ. ಮುಂದೆ ಆ ಸೀಸೆ ಹಿಂದುಸ್ಥಾನದ ಪೇಟೆಗಳಿಗೂ ಬಂದು, ಹಿತ್ತಲಲ್ಲಿ ಸಬ್ಬಸಿಗೆ ಬೆಳೆಯುವ ಮನೆಯವರೇ ಅದನ್ನು ಹಣ ಕೊಟ್ಟು ಕೊಳ್ಳುವಂತಾಯಿತು.

ಇಷ್ಟು ಹೇಳಿದ ಮೇಲೆ, ಹಳೆಯದೆಲ್ಲ ಹಿತವಾದದ್ದು ಎಂಬ ಭಾವನೆ ಓದುಗರಲ್ಲಿ ಮೂಡಿದರೆ ಅದು ನನ್ನ ಬರಹದ ದೋಷ. ಬಾಣಂತಿಯ ಕೋಣೆ ಕತ್ತಲೆಯ, ಹೊಗೆಯ ಕೋಣೆಯೂ ಆಗಿತ್ತು. ಮೊದಲ ಮೂರು ದಿನದ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು. ಹುಟ್ಟಿದ ಕೂಸಿಗೆ ಅತ್ಯಂತ ಬೇಕಾದ ರಕ್ಷಣೆ ಇರುವುದು ಆ ಹಾಲಿನಲ್ಲಿಯೇ. ತಾಯಿಹಾಲಿಗೆ ಮೊದಲು ಜೇನು ನೆಕ್ಕಿಸುತ್ತಿದ್ದರು. ಜೇನಿನಿಂದ ಎಳೆಯ ಕೂಸಿಗೆ ಅಪಾಯವುಂಟೆಂದು ಇಂದಿನ ವೈದ್ಯ ಹೇಳುತ್ತದೆ. ನಾನು ಮೇಲೆ ಅಷ್ಟು ಪ್ರೀತಿಯಿಂದ ಬರೆದ ಬಜೆಯಲ್ಲಿಯೂ ವಿಷಾಂಶವಿದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1968ರಲ್ಲಿಯೇ ಅದನ್ನು ಆಹಾರದಲ್ಲಿ ಬಳಸಕೂಡದೆಂದು ವಿಧಿಸಿತು. ಹರಳೆಣ್ಣೆಯ ದೀಪದ ಮಸಿಯಿಂದ ಮನೆಯಲ್ಲಿ ಕಟ್ಟಿದ ಕಾಡಿಗೆ ಬೇರೆ, ಪೇಟೆಯಿಂದ ತಂದ ಸೀಸದ ಸುರುಮಾ ಬೇರೆ. ಎರಡನ್ನೂ ಒಂದೇ ಬೆರಳಿನಿಂದ ಕೂಸಿನ ಕಣ್ಣಿಗೆ ಹಚ್ಚಲಾಗಿದೆ.

ಘುಟ್ಟಿಯ ಬಟ್ಟಲಿನಲ್ಲಿ ಅಫೀಮು ಬೆರೆಯುತ್ತಿದ್ದ ಸಂಗತಿಯನ್ನೂ ಮುಚ್ಚಿಡುವಂತಿಲ್ಲ. ಹೊಲಕ್ಕೋ ಗಿರಣಿಗೋ ಹೋಗಬೇಕಾದ ತಾಯಿ ಸಾಸಿವೆ ಕಾಳಿನಷ್ಟು ಅಫೀಮು ಕೊಟ್ಟು ಕೂಸನ್ನು ಮಲಗಿಸಿ ಹೋಗುವುದು ಪಶ್ಚಿಮ ಭಾರತದಲ್ಲೆಲ್ಲ ಇತ್ತು. ಮುಂಬಯಿಯಲ್ಲಿ ಅದಕ್ಕೆ ‘ಬಾಳಗೋಳಿ’ ಎಂಬ ಮುದ್ದಾದ ಹೆಸರಿತ್ತು. 1931ರಲ್ಲಿ ವರದಿ ಸಲ್ಲಿಸಿದ ಕಾರ್ಮಿಕರ ರಾಯಲ್ ಕಮಿಶನ್ ಗಿರಣಿ ಕೆಲಸದ ಹೆಂಗಸರಲ್ಲಿದ್ದ ಈ ರೂಢಿಯನ್ನು ಗಮನಿಸಿತ್ತು. ಈ ತಾಲೂಕುಗಳ ಬಡವರಿಗೆ ಹತ್ತಿರದ ಗಿರಣಿ ಊರು ಸೊಲ್ಲಾಪುರ. 1870ರ ದಶಕದಿಂದ ಅಲ್ಲಿ ಬಟ್ಟೆಯ ಗಿರಣಿಗಳು ನಡೆದಿದ್ದವು, ನಿಜಾಮನ ಸೀಮೆಯಿಂದ ಹೊಟ್ಟೆಪಾಡಿಗೆ ಹೋದವರು ಅಲ್ಲಿ ಬಹಳ ಮಂದಿ. ನಾಲ್ಕಾರು ತಿಂಗಳು ತವರಿನಲ್ಲಿ ಉಳಿಯುವ ಬಾಣಂತನ ಉಳ್ಳವರ ಭಾಗ್ಯ. ಕೂಲಿಯ ಹೆಂಗಸು ಹನ್ನೆರಡನೆಯ ದಿನಕ್ಕೇ ಕೆಲಸಕ್ಕೆ ಹೋಗುತ್ತಿದ್ದಳು, ಹೊಲದ ಬದುವಿನ ಜಾಲಿಗೆ ಜೋಳಿಗೆ ಕಟ್ಟಿ. ಆ ಜೋಳಿಗೆಯಲ್ಲಿ ಬೆಳೆದ ಮಕ್ಕಳ ಮಾತೃಭಾಷೆ ತವರಿಗಿಂತ ಹೆಚ್ಚಾಗಿ ಹೊಲದ ಒಡೆಯನ ಭಾಷೆಯತ್ತ ವಾಲಿರಬೇಕು. ಹೀಗಾಗಿ ಗಡಿಯ ಕನ್ನಡದ ಉಳಿವಿನಲ್ಲಿಯೂ ಅಳಿವಿನಲ್ಲಿಯೂ ಭೂಮಿಯ ಒಡೆತನದ ಪಾತ್ರವಿದೆ. ಭಾಷಾಭಿಮಾನದ ಬರಹಗಳಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಹೆಸರಿಡುವ ದಿನದ ಒಂದು ವಿವರವನ್ನು ಇಲ್ಲಿ ಗಮನಿಸಬೇಕು. ತೊಟ್ಟಿಲು ತವರಿನದು, ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುವವಳು ತಂದೆಯ ಕಡೆಯ ಸೋದರತ್ತೆ. ‘ಕುರ್ರ್’ ಎಂದು ಮೊದಲು ಕಿವಿಯಲ್ಲಿ ಊದಿ ಆಮೇಲೆ ಹೆಸರು ಹೇಳುವ ರೂಢಿ ಕನ್ನಡ ಮರಾಠಿ ಎರಡು ಮನೆಗಳಲ್ಲಿಯೂ ಉಂಟು. ಭಾಲ್ಕಿಯ ತೊಟ್ಟಿಲಿನ ಬಳಿ ಉದಗೀರದ ಸೋದರತ್ತೆ ಕುಳಿತ ಆ ಗಳಿಗೆಯಲ್ಲಿ ಕೂಸಿನ ಎರಡು ಭಾಷೆಗಳ ನಡುವೆ ಒಪ್ಪಂದವೊಂದು ಆಗುತ್ತಿತ್ತು ಎನ್ನಬಹುದು. ಹೆಸರು ಊರಿನ ಪಾಲಿಗೆ, ಮಾತು ತವರಿನ ಪಾಲಿಗೆ. ಕಳೆದ ಎರಡು ತಲೆಮಾರುಗಳಲ್ಲಿ ಬಸಪ್ಪ, ಕಲ್ಲಪ್ಪಗಳು ಕಡಿಮೆಯಾದುದಕ್ಕೆ ಸಿನಿಮಾವನ್ನು ದೂರುವವರು ಈ ಒಪ್ಪಂದವನ್ನೂ ನೆನೆಯಬೇಕು.

ಈ ವ್ಯವಸ್ಥೆ ಸಡಿಲವಾದದ್ದು ಒಂದೇ ಏಟಿಗಲ್ಲ. ಆದರೆ ಉಮರ್ಗಾ ಮತ್ತು ನಿಲಂಗಾ ಭಾಗಕ್ಕೆ ಒಂದು ತಾರೀಕನ್ನು ಹೇಳಬಹುದು: 1993ರ ಸೆಪ್ಟೆಂಬರ್ 30. ಗಣೇಶ ವಿಸರ್ಜನೆಯ ರಾತ್ರಿ ಕಳೆದು ಬೆಳಗಾಗುವ ಮುನ್ನ ಕಿಲ್ಲಾರಿಯ ಭೂಕಂಪವಾಯಿತು. ಸತ್ತವರು ಸುಮಾರು 10 ಸಾವಿರ. ಔಸಾ, ಉಮರ್ಗಾ, ನಿಲಂಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಈ ಸೀಮೆಯ ಮನೆಗಳು ಕಲ್ಲು ಮಣ್ಣಿನ ದಪ್ಪ ಗೋಡೆಯವು. ಕಟ್ಟಿಗೆಯ ಕಂಬ, ತೊಲೆ, ಜಂತಿಗಳ ಮೇಲೆ ಮೊಳದುದ್ದ ಮಣ್ಣು ಹೊತ್ತ ಮಾಳಿಗೆ. ಬೇಸಗೆಯಲ್ಲಿ ಇಷ್ಟು ತಂಪಾದ, ಬಾಣಂತಿಗೆ ಇಷ್ಟು ಬೆಚ್ಚನೆಯ ಮನೆ ಬೇರೆ ಇಲ್ಲವೆನ್ನುತ್ತಿದ್ದರು. ಆ ರಾತ್ರಿ ಆ ಭಾರವೇ ಮಲಗಿದವರ ಮೇಲೆ ಬಿದ್ದಿತು. ಮರುವಸತಿಯಲ್ಲಿ ಹಳ್ಳಿಗಳು ಬೇರೆ ಜಾಗಕ್ಕೆ ಹೋದವು. ಮನೆಗಳು ಹಗುರವೂ ಭದ್ರವೂ ಆದವು. ತೊಟ್ಟಿಲ ಹಗ್ಗ ಕಟ್ಟುತ್ತಿದ್ದ ತೊಲೆ ಮಾತ್ರ ಹೊಸ ಮನೆಗಳಲ್ಲಿ ಇರಲಿಲ್ಲ. ಸ್ಲ್ಯಾಬಿಗೆ ಕಬ್ಬಿಣದ ಕೊಂಡಿ ಹಾಕಿಸಿಕೊಂಡವರು ಉಂಟು. ಕಬ್ಬಿಣದ ಚೌಕಟ್ಟಿನ ತೊಟ್ಟಿಲನ್ನು ಪೇಟೆಯಿಂದ ತಂದವರು ಇನ್ನೂ ಹೆಚ್ಚು. ಹಳೆಯ ಓಣಿಯ ಹಿರಿಯ ಹೆಂಗಸರು ಒಂದೊಂದು ಸಾಲಿಗೆ ಒಬ್ಬೊಬ್ಬರಾಗಿ ಚದುರಿದರು. ತೊಲೆ, ಜಂತಿ, ನೆಲವು, ಗೂಡು ಎಂಬ ಪದಗಳಿಗೆ ಆ ಮನೆಗಳಲ್ಲಿ ಈಗ ತೋರಿಸುವ ವಸ್ತುವೇ ಇಲ್ಲ.

ಎರಡನೆಯ ಬದಲಾವಣೆ ಶಾಂತವಾದದ್ದು, ಹೆಚ್ಚು ವ್ಯಾಪಕವಾದದ್ದು. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯ ಆಚೆಗೆ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. ಈಗ ಎರಡೂ ರಾಜ್ಯಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತವೆ. ಇದರಿಂದ ಉಳಿದ ಜೀವಗಳ ಎದುರು ಯಾವ ಪದಸಂಪತ್ತಿನ ನಷ್ಟವೂ ದೊಡ್ಡದಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಆದರೆ ನಷ್ಟವನ್ನು ನಷ್ಟವೆಂದು ಬರೆದಿಡುವುದೂ ನಮ್ಮ ಕೆಲಸ. ಉದಗೀರದ ಸೊಸೆ ಈಗ ಗಂಡನ ಊರಿನಲ್ಲಿಯೇ ಗರ್ಭಿಣಿಯೆಂದು ದಾಖಲಾಗುತ್ತಾಳೆ. ಆಶಾ ಕಾರ್ಯಕರ್ತೆ, ಅಂಗನವಾಡಿ, ದಾದಿ ಎಲ್ಲರ ಭಾಷೆ ಸಹಜವಾಗಿಯೇ ಮರಾಠಿ. ತವರಿಗೆ ಹೋದರೆ ಅಲ್ಲಿ ಕನ್ನಡದ ‘ತಾಯಿ ಕಾರ್ಡ್’. ಎರಡು ಕಾರ್ಡುಗಳ ತೊಡಕು ಬೇಡವೆಂದು ಅಲ್ಲಿಯೇ ಹೆರುವವರು ಹೆಚ್ಚಿದಂತೆ ತವರಿನ ತಿಂಗಳುಗಳು ವಾರಗಳಾಗಿವೆ. ತಾಯಿಯ ತಾಯಿಯೇ ಬಸ್ಸು ಹತ್ತಿ ಉದಗೀರಕ್ಕೆ ಬರುತ್ತಾಳೆ, ಹದಿನೈದು ದಿನ ಕೂಸಿಗೆ ಎರೆದು ಹಿಂದಿರುಗುತ್ತಾಳೆ. ಆ ಹದಿನೈದು ದಿನ ಅವಳು ಬೀಗರ ಮನೆಯಲ್ಲಿರುವುದರಿಂದ ಅವಳ ದನಿಯೂ ತುಸು ತಗ್ಗಿರುತ್ತದೆ.

ಹಳೆಯ ಸಾಧನಗಳು ಬೇರೆ ಬಾಗಿಲಿನಿಂದ ಮರಳುತ್ತಿರುವುದೂ ಉಂಟು. ಶಿಶು ಆಹಾರದ ಡಬ್ಬಿಗಳೂ ಹಾಲಿನ ಬಾಟಲಿಗಳೂ ಒಳಲೆಯನ್ನು ಅಟ್ಟಕ್ಕೆ ಅಟ್ಟಿದವು. 1992ರಲ್ಲಿ ಭಾರತ ಸರಕಾರ ಕಾಯಿದೆ ಮಾಡಿ ಆ ಡಬ್ಬಿ ಬಾಟಲಿಗಳ ಜಾಹೀರಾತನ್ನು ತಡೆಯಬೇಕಾಯಿತು. ಮೊಲೆಯೂಡಲಾಗದ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಬಾಟಲಿಗಿಂತ ಒಳಲೆಯೇ ಮೇಲೆಂದು ಈಗ ನವಜಾತ ಶಿಶು ಘಟಕಗಳಲ್ಲಿ ದಾದಿಯರೇ ತಾಯಂದಿರಿಗೆ ಕಲಿಸುತ್ತಾರೆ. ಅಲ್ಲಿ ಅದರ ಹೆಸರು ‘ಪಾಲಡೈ’. ತಮಿಳಿನ ಪದ ಇಂಗ್ಲಿಷಿನ ವೈದ್ಯಗ್ರಂಥಗಳ ಮೂಲಕ ಮರಾಠವಾಡಕ್ಕೆ ಬಂದಿದೆ. ಒಳಲೆ ಹಿಡಿದು ಬೆಳೆಸಿದ ಅಜ್ಜಿಯ ಮೊಮ್ಮಗಳು ಅದೇ ವಸ್ತುವನ್ನು ಹೊಸದೆಂಬಂತೆ ಪಾಲಡೈ ಎಂದು ಕಲಿಯುತ್ತಾಳೆ. ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಸಹಜ ಶಿಶುಪಾಲನೆಯ ಒಲವುಳ್ಳ ದಂಪತಿಗಳು ಕೈಹೊಲಿಗೆಯ ಕೌದಿಗೆ ಸಾವಿರಗಟ್ಟಲೆ ರೂಪಾಯಿ ಕೊಡುತ್ತಾರೆ. ಹೊಸ ಬಟ್ಟೆಯಲ್ಲಿ ಹೊಲಿದದ್ದು. ಅದರಲ್ಲಿ ಯಾವ ಚೂರು ಯಾರದೆಂದು ಹೇಳುವುದಕ್ಕೆ ಏನೂ ಇಲ್ಲ.

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ತೇಯುವ ಕಲ್ಲೊಂದಿದೆ. ಅದರ ನಡುವೆ ಬೊಗಸೆಯಂಥ ತಗ್ಗು. ಅಳಲೆಕಾಯಿ, ಜಾಜಿಕಾಯಿ, ಮಾಚಿಕಾಯಿ, ಒಣಶುಂಠಿಗಳನ್ನು ಒಂದೊಂದು ಸುತ್ತು ಎಣಿಸಿ ತೇಯುವಾಗ ಎಷ್ಟು ತಿಂಗಳ ಕೂಸಿಗೆ ಎಷ್ಟು ಸುತ್ತು ಎಂಬ ಲೆಕ್ಕ ಬಾಯಿಪಾಠವಾಗಿತ್ತು. ನನ್ನ ಮಗಳ ಹೊತ್ತಿಗೆ ವೈದ್ಯರು ಆರು ತಿಂಗಳವರೆಗೆ ತಾಯಿಹಾಲಲ್ಲದೆ ಏನೂ ಬೇಡವೆಂದರು. ನಾವು ಹಾಗೆಯೇ ನಡೆದೆವು, ಸರಿಯಾಗಿಯೇ ನಡೆದೆವು. ಕಲ್ಲು ಮೂಲೆ ಸೇರಿತು. ಆ ಲೆಕ್ಕವನ್ನು ಮಾತ್ರ ನಾನು ಬರೆದುಕೊಳ್ಳಲಿಲ್ಲ. ಸುತ್ತಿನ ಎಣಿಕೆಗೆ ಅಜ್ಜಿ ಬಳಸುತ್ತಿದ್ದ ಪದ ಯಾವುದೆಂದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಉರ್ದುವಿನಲ್ಲಿ ಹುಟ್ಟುಗುಣಕ್ಕೆ ‘ಘುಟ್ಟಿಯಲ್ಲಿಯೇ ಬಿದ್ದದ್ದು’ ಎನ್ನುವ ವಾಡಿಕೆಯಿದೆ. ಘುಟ್ಟಿ ನಿಂತ ಮೇಲೂ ಆ ಮಾತು ಉದಗೀರದ ಪೇಟೆಯಲ್ಲಿ ನಡೆಯುತ್ತಲೇ ಇದೆ.

ಮರಾಠಿ ಸಾಹಿತ್ಯ ಸಮ್ಮೇಳನದ 95ನೆಯ ಅಧಿವೇಶನ 2022ರಲ್ಲಿ ಉದಗೀರದಲ್ಲಿ ನಡೆಯಿತು. ಗಡಿಯ ಊರೊಂದು ಅಂಥ ಸಮಾರಂಭಕ್ಕೆ ಮನೆಯಾದದ್ದು ಸಂತೋಷದ ವಿಷಯವೇ. ಮರಾಠಿಯ ಮೇಲೆ ದೂರು ಹೊರಿಸುವುದು ಈ ಲೇಖನದ ಕೆಲಸವಲ್ಲ. ಬಾಣಂತಿಯ ಕೋಣೆಯಲ್ಲಿ ಎರಡು ಭಾಷೆಗಳು ಜಗಳವಾಡಿದ ನಿದರ್ಶನ ನನಗೆ ಸಿಕ್ಕಿಲ್ಲ. ಜಗಳವಾಡಿದ್ದು ಗಣತಿಯ ಕೋಷ್ಟಕಗಳಲ್ಲಿ, ಆಯೋಗಗಳ ಮುಂದೆ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗದ ಮುಂದೆ ಎರಡೂ ಕಡೆಯವರು ಹಳ್ಳಿ ಹಳ್ಳಿಯ ಮಾತೃಭಾಷೆಯ ಸಂಖ್ಯೆಯನ್ನು ಹಿಡಿದು ವಾದಿಸಿದರು. ಆ ಸಂಖ್ಯೆ ಎಲ್ಲಿ ಹುಟ್ಟುತ್ತದೆಂದು ಯಾರೂ ಕೇಳಲಿಲ್ಲ. 2011ರ ಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 10 ಲಕ್ಷ.

ಮುಂದಿನ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಗಣತಿದಾರನು ಉದಗೀರದ ಒಂದು ಮನೆಯ ಬಾಗಿಲಿಗೆ ಬಂದು, ತೊಟ್ಟಿಲಲ್ಲಿರುವ ಮೂರು ತಿಂಗಳ ಕೂಸಿನ ಮಾತೃಭಾಷೆ ಯಾವುದೆಂದು ಮರಾಠಿಯಲ್ಲಿ ಕೇಳುತ್ತಾನೆ. ನಿಯಮದ ಪ್ರಕಾರ ಅವನು ಬರೆಯಬೇಕಾದದ್ದು ಆ ತಾಯಿ ಆಡುವ ಭಾಷೆಯನ್ನು. ಅವಳೂ ಉತ್ತರವನ್ನು ಮರಾಠಿಯಲ್ಲಿಯೇ ಕೊಡುತ್ತಾಳೆ.